ಬೆಸುಗೆ ಹಾಕಿದ ಬಾಗಿಲು

ಚನ್ನರಾಯಪಟ್ಟಣದಲ್ಲಿ ಪಂಪ್‌ಸೆಟ್ ಮೋಟಾರು ರಿಪೇರಿ ಮಾಡುವ ನನಗೆ ಆಟದ ರೈಲಿನ ಕೆಲಸ ಸಿಕ್ಕಿದ್ದು ನನ್ನ ಬಾಯಿಯಿಂದಲೇ. ಶ್ರವಣಬೆಳಗೊಳದ ಲಾಡ್ಜಿನ ಯಜಮಾನರೊಬ್ಬರು, "ಸಣ್ಣ ಹಳಿಗೆ ವೈರು ಬೆಸೆಯೋದು ಗೊತ್ತೇನ್ರಿ?" ಎಂದು ಕೇಳಿದರು. "ಎಷ್ಟೋ ಮಾಡಿದೀನಿ ಸಾ" ಅಂದೆ. ಒಂದೂ ಮಾಡಿರಲಿಲ್ಲ. ಗಿರಾಕಿಗೆ ಇಲ್ಲ ಅನ್ನಬಾರದು, ಒಪ್ಪಿಕೊಂಡು ಆಮೇಲೆ ಕಲಿತುಕೊಳ್ಳಬೇಕು. ನಾನು ಅಂಗಡಿ ಕಟ್ಟಿದ್ದೇ ಹಾಗೆ.

ಯಾತ್ರಿಕರ ಮಕ್ಕಳು ನೋಡಲೆಂದು ಅವರು ಲಾಡ್ಜಿನ ಒಂದು ಕೋಣೆಯ ಸುತ್ತ ಸೊಂಟದೆತ್ತರಕ್ಕೆ ಹಲಗೆ ಕಟ್ಟಿಸಿ ಹಳಿ ಜೋಡಿಸಿದ್ದರು. ಹಲಗೆಯ ಕೆಳಗೆಲ್ಲ ಹೊದಿಕೆ ತುಂಬಿದ ಬೀರು. ಬಾಗಿಲಿಗೆ ಅಡ್ಡ ಬರುವ ತುಂಡು ಹಲಗೆಗೆ ಮಾತ್ರ ಕೀಲು. ಅದನ್ನೆತ್ತಿದರೆ ಒಳಗೆ ಹೊರಗೆ ಓಡಾಡಬಹುದು.

ನೀವು ಈ ಕೆಲಸಕ್ಕೆ ಕೈಹಾಕುವುದಾದರೆ ಕೇಳಿ: ಹಳಿಯ ಹೊರಮೈಯನ್ನು ಉಪ್ಪುಕಾಗದದಲ್ಲಿ ಚೆನ್ನಾಗಿ ಉಜ್ಜಿ, ಕಾದ ಬೆಸುಗೆ ಐರನ್ ಮುಟ್ಟಿಸಿದ ತಕ್ಷಣ ತೆಗೆಯಬೇಕು. ಎರಡು ಉಸಿರು ತಡವಾದರೂ ಕೆಳಗಿನ ಪ್ಲಾಸ್ಟಿಕ್ ಪಟ್ಟಿ ಕರಗುತ್ತದೆ. ಅದನ್ನು ನಾನು ಬೇಗ ಕಲಿತೆ.

ಕೊನೆಯ ದಿನ ಸಂಜೆ ಯಜಮಾನರು ನೋಡಲು ಒಳಗೆ ಬಂದರು. ಹಿಂದಿನ ದಿನ ಅವರಿಗೆ ಚತುರ್ದಶಿಯ ಉಪವಾಸ. ಆವತ್ತು ಬೆಳಿಗ್ಗೆ ಕುಡಿದದ್ದು ಒಂದು ಲೋಟ ಹಾಲು ಅಷ್ಟೇ. ಜೈನರ ಮನೆ, ಹೊತ್ತು ಮುಳುಗಿದ ಮೇಲೆ ಅವರು ಉಣ್ಣುವುದಿಲ್ಲ. ನಾನು ತುಂಡು ಹಲಗೆ ಇಳಿಸಿ ಅದರ ಎರಡು ಕೊನೆಯಲ್ಲೂ ಹಳಿಗೆ ಹಳಿ ಸೇರಿಸಿ ಗಟ್ಟಿಯಾಗಿ ಬೆಸೆದೆ. ಮೋಟಾರಿನಲ್ಲಿ ಜಾಯಿಂಟು ಸಡಿಲವಾದರೆ ಕಾಯಿಲು ಸುಡುತ್ತದೆ. ಕೈಗೆ ಅದೇ ಅಭ್ಯಾಸ. ಅಷ್ಟರಲ್ಲಿ ಕರೆಂಟು ಹೋಯಿತು.

"ಎತ್ತಿ ಮೇಸ್ತ್ರಿ, ಊಟಕ್ಕೋಗ್ಬೇಕು" ಎಂದರು ಯಜಮಾನರು.

ಎತ್ತಿದೆ. ಏಳಲಿಲ್ಲ. ಬಾಗಿಲನ್ನೇ ಬೆಸೆದುಬಿಟ್ಟಿದ್ದೆ. ಜೋರಾಗಿ ಎಳೆದರೆ ಹಳಿ ಕಿತ್ತುಬರುತ್ತಿತ್ತು. ನಾನು ಹೇಗೋ ಹಲಗೆ ಹತ್ತಿ ದಾಟಿಯೇನು, ಅವರ ಮಂಡಿಗೆ ಆಪರೇಷನ್ ಆಗಿತ್ತು; ಹತ್ತಲೂ ಆಗದು, ಬಗ್ಗಿ ನುಸುಳಲೂ ಆಗದು.

"ಮರ ಉಬ್ಬಿಕೊಂಡದೆ ಸಾ. ಐದು ನಿಮಿಷ" ಅಂದೆ. ಕರೆಂಟು ಬಂದರೆ ಬೆಸುಗೆ ಕರಗಿಸಿ, ಅವರಿಗೆ ತಿಳಿಯದ ಹಾಗೆ ಬಿಡಿಸಬಹುದೆಂಬ ಆಸೆ.

ಅವರ ಸೊಸೆ ಬಾಗಿಲಿಗೆ ಬಂದರು. "ಹೊತ್ತು ಇಳೀತಾ ಅದೆ ಮಾವ. ತಟ್ಟೆ ಇಲ್ಲಿಗೇ ತರ್ಲಾ?"

"ಕೈಕಾಲು ತೊಳೀದೆ ಈ ಹೊಗೇಲಿ ಹೆಂಗಮ್ಮ ಉಣ್ಣೋದು? ಐದು ನಿಮಿಷ ಅಂತಾವ್ರಲ್ಲ, ಬತ್ತೀನಿ."

ಕೀಲಿಗೆ ಎಣ್ಣೆ ಬಿಟ್ಟೆ. ಸ್ಕ್ರೂ ತಿರುಗಿಸಿದಂತೆ ಮಾಡಿದೆ. ಕಿಟಕಿಯ ಸರಳಿನ ನೆರಳು ಎದುರು ಗೋಡೆಯ ಮೇಲೆ ಏರುತ್ತಲೇ ಇತ್ತು. ಅವರು ಸ್ಟೂಲಿನ ಮೇಲೆ ಕೂತು, ನನ್ನನ್ನು ಅವಸರಪಡಿಸದೆ, ಆ ನೆರಳನ್ನೇ ನೋಡುತ್ತಿದ್ದರು. ಬೈದಿದ್ದರೆ ನಾನೂ ಏನಾದರೂ ಅಂದು ಜಾರಿಕೊಳ್ಳುತ್ತಿದ್ದೆ. ಐರನ್ ಪೂರ್ತಿ ತಣ್ಣಗಾಗಿತ್ತು. ಶರ್ಟು ಬೆನ್ನಿಗೆ ಅಂಟಿತ್ತು.

ನೆರಳು ಮಸುಕಾದಾಗ ಬಾಯಿಬಿಟ್ಟೆ. "ಮರ ಉಬ್ಬಿಲ್ಲ ಸಾ. ನಾನೇ ಬೆಸೆದ್ಬುಟ್ಟಿದೀನಿ. ಹಳಿ ಕುಯ್ಯಬೇಕು."

"ಕುಯ್ರಿ ಮತ್ತೆ."

ಹ್ಯಾಕ್ಸಾ ಬ್ಲೇಡು ತೆಗೆದು ಕುಯ್ದೆ. ಎರಡು ಕೊನೆ, ನಾಲ್ಕು ಜಾಯಿಂಟು. ಹಲಗೆ ಎದ್ದಿತು. ಅವರು ಕುಂಟುತ್ತ ಹಿತ್ತಲಿಗೆ ಹೋಗಿ, ಕೈಕಾಲು ತೊಳೆದು, ಪಡುವಣಕ್ಕೆ ಮುಖಮಾಡಿ ಸ್ವಲ್ಪ ಹೊತ್ತು ನಿಂತರು. ನನ್ನನ್ನೂ ಊಟದ ಮನೆಗೆ ಕರೆದು, ತಮಗೆ ಇಟ್ಟಿದ್ದ ತಟ್ಟೆಯನ್ನು ನನ್ನ ಕಡೆ ಸರಿಸಿದರು.

"ಮುಳುಗ್ತು. ಮೇಸ್ತ್ರಿಗೆ ಬಡಿಸಮ್ಮ. ಅವರಿಗೇನು ನೇಮ ಇಲ್ವಲ್ಲ."

ಬೇಡವೆಂದೆ. ಕೇಳಲಿಲ್ಲ. ಎದುರಿಗೇ ಕೂತರು.

"ಕುಯ್ದ ಮೇಲೂ ರೈಲು ಓಡ್ತದಾ?"

"ತುಂಡು ಹಲಗೆಗೆ ಬೇರೆ ವೈರು ಕೊಟ್ರೆ ಓಡ್ತದೆ ಸಾ. ಅಂಗೇ ಮಾಡ್ಬೇಕಾಗಿತ್ತು."

"ಹಂಗಾರೆ ಮೊದ್ಲೇ ಕುಯ್ಬೋದಾಗಿತ್ತು."

ಸೊಸೆ ಇನ್ನೊಂದು ಸೌಟು ಸಾರು ಹಾಕಿದರು. ತಲೆ ತಗ್ಗಿಸಿ ಕಲಸಿದೆ. ಅವರು ಏಳಲಿಲ್ಲ, ನಾನೂ ಏಳುವಂತಿರಲಿಲ್ಲ.