ಹಲವಾಗಲಿನ ಕರಿ ಮಡಿ

ನಿವೃತ್ತಿಗೆ ಹತ್ತು ವರ್ಷ ಬಾಕಿ ಇದ್ದಾಗ ಮಣ್ಣು ವಿಜ್ಞಾನದ ಅಧಿಕಾರಿಯಾಗಿ ಹಗರಿಬೊಮ್ಮನಹಳ್ಳಿಗೆ ವರ್ಗವಾಗಿ ಬಂದೆ. ಜೊತೆಗೇ ಒಂದು ದೀರ್ಘಾವಧಿ ಪ್ರಯೋಗ ಹೆಗಲೇರಿತು: ಬಯೋಚಾರ್ ಹಾಕಿದರೆ ಭತ್ತದ ಗದ್ದೆಯ ಮಣ್ಣಿಗೆ ವರ್ಷಗಳ ಮೇಲೆ ಏನಾಗುತ್ತದೆ? ಬಯೋಚಾರ್ ಎಂದರೆ ಗಾಳಿ ಹೆಚ್ಚು ಸಿಗದಂತೆ ಸುಟ್ಟ ಹೊಟ್ಟು. ಇಲಾಖೆಯ ಗಾಂಭೀರ್ಯ ಕಳೆದರೆ, ಇದ್ದಿಲು.

ಹಲವಾಗಲು ಎಂಬ ಹಳ್ಳಿಯ ಹೊಳೆದಂಡೆಯಲ್ಲಿ ನಿಂಗವ್ವ ಎರಡೆಕರೆ ಮರಳು ಮಣ್ಣಿನ ಗದ್ದೆ ಮಾಡುತ್ತಿದ್ದಳು. ಗದ್ದೆ ಹರಪನಹಳ್ಳಿಯ ಒಬ್ಬ ಸಾವ್ಕಾರರದು. ನೀರು ನಿಲ್ಲದ ಬರಡೆಂದು ಅವರು ಅದನ್ನು ಬಾಯಿಮಾತಿನ ಮೇಲೆ ವರ್ಷವರ್ಷ ಗುತ್ತಿಗೆಗೆ ಬಿಟ್ಟಿದ್ದರು. ಆಕೆಯ ಮನೆಗೆ ಅನ್ನ ಅದೊಂದರಿಂದಲೇ.

ಪ್ರಯೋಗಕ್ಕೆ ಆ ಗದ್ದೆಯನ್ನೇ ಆರಿಸಿ, ಬದು ಕಟ್ಟಿದ ಎರಡು ತುಂಡು, ಅಂದರೆ ಎರಡು ಮಡಿ ಗುರುತಿಸಿದೆ. ಒಂದು ಮಡಿಗೆ ಇದ್ದಿಲು; ಇನ್ನೊಂದಕ್ಕೆ ಏನೂ ಇಲ್ಲ. ಹೋಲಿಕೆಗೆಂದು ಹಾಗೇ ಬಿಡುವುದನ್ನು ಕಂಟ್ರೋಲ್ ಎನ್ನುತ್ತೇವೆ.

"ಇದ್ದಿಲು ಹಿಂದಿನ ಮಡಿಗಿ ಹಾಕ್ರಿ ಸಾಹೇಬ್ರ. ರಸ್ತೆ ಕಡೀದು ಹಂಗಾ ಇರ್ಲಿ. ನಿಮ್ಮ ಇಲಾಖಿ ಬೋರ್ಡು ಮಾತ್ರ ಬ್ಯಾಡ" ಎಂದಳು.

ಹಳ್ಳಿಯ ಹೆಂಗಸಿನ ಸಂಕೋಚ ಎಂದುಕೊಂಡೆ. ನನ್ನ ಬಳಿ ಪದವಿಗಳಿದ್ದವಲ್ಲ.

ಮೊದಲ ವರ್ಷ ಇದ್ದಿಲು ಸಾರಜನಕವನ್ನು ತಾನೇ ಹಿಡಿದುಕೊಂಡು ಪೈರು ಹಳದಿಯಾಯಿತು. ಸಾಹೇಬ ನಿಂಗವ್ವನ ಗದ್ದೆಗೆ ಮಸಿ ಬಳಿದ ಎಂದು ಊರು ನಕ್ಕಿತು. ಆಕೆ ನಗಲಿಲ್ಲ. "ಬಾಣಂತಿ ಮರುದಿನಾನ ಎದ್ದು ಬೀಸ್ತಾಳೇನ್ರಿ? ತಡೀರಿ" ಎಂದಳು. ನಾಲ್ಕು ಬೇಸಿಗೆ ತಾನೇ ಹೊಟ್ಟು ಸುಟ್ಟು, ಬುಟ್ಟಿಯಲ್ಲಿ ಹೊತ್ತು ಹಾಕಿದಳು. ಕೆಮ್ಮು ಆಗ ಹತ್ತಿದ್ದು, ಬಿಡಲೇ ಇಲ್ಲ. ಐದನೆಯ ವರ್ಷದಿಂದ ಮಣ್ಣು ತಿರುಗಿತು: ನೀರು ನಿಂತಿತು, ಎರೆಹುಳು ಬಂದವು, ಸಾವಯವ ಇಂಗಾಲ ಏರಿತು. ರಸ್ತೆ ಕಡೆಯ ಕಂಟ್ರೋಲ್ ಮಡಿ ಮಾತ್ರ ಶ್ರದ್ಧೆಯಿಂದ ಸೊರಗುತ್ತಲೇ ಇತ್ತು.

ಒಂಬತ್ತನೆಯ ವರ್ಷ ಕ್ಷೇತ್ರೋತ್ಸವ ಇಟ್ಟೆ, ಎಂದರೆ ಗದ್ದೆಯಲ್ಲೇ ರೈತರನ್ನು ಸೇರಿಸಿ ಫಲಿತಾಂಶ ತೋರಿಸುವ ಸಮಾರಂಭ. ನಿಂಗವ್ವ ಕಚೇರಿಯವರೆಗೆ ಬಸ್ಸಿನಲ್ಲಿ ಬಂದು, "ಬ್ಯಾಡ್ರಿ ಸಾಹೇಬ್ರ. ಮಣ್ಣು ಸುಮ್ಮನ ಐತಿ, ಸುಮ್ಮನ ಇರ್ಲಿ" ಎಂದಳು. ಚಹಾ ಕುಡಿಸಿ ಕಳಿಸಿದೆ. ಶಿಷ್ಟಾಚಾರ ಬಲ್ಲವನಾದ್ದರಿಂದ ಜಮೀನಿನ ಒಡೆಯರನ್ನೇ ಅಧ್ಯಕ್ಷರನ್ನಾಗಿ ಕರೆದೆ.

ಸಾವ್ಕಾರರು ಹಾರ ಹಾಕಿಕೊಂಡೇ ಬದುವಿನ ಮೇಲೆ ನಡೆದರು. ನಾನು ಎರಡೂ ಮಡಿಯಲ್ಲಿ ಗುಂಡಿ ತೋಡಿಸಿ ಅರ್ಧ ಗಂಟೆ ಉಪನ್ಯಾಸ ಕೊಟ್ಟೆ. ಅವರು ಕರಿ ಮಣ್ಣನ್ನು ಮುಷ್ಟಿಯಲ್ಲಿ ಹಿಚುಕಿ ಕೇಳಿದರು:

"ಈ ಇದ್ದಿಲು ಎಷ್ಟು ವರ್ಷ ಇರ್ತೈತ್ರಿ?"

"ತಲೆಮಾರುಗಟ್ಟಲೆ" ಎಂದೆ, ನಾನೇ ಹೆತ್ತವನಂತೆ.

"ಮತ್ತ ಹಾಕೋ ಕೆಲಸಿಲ್ಲ?"

"ಸದ್ಯಕ್ಕಿಲ್ಲ."

ಸಾವ್ಕಾರರು ಕೈ ಒರೆಸಿಕೊಂಡು ನಿಂಗವ್ವನ ಕಡೆ ತಿರುಗಿದರು. ದನಿ ಏರಿಸಲಿಲ್ಲ. "ನಾ ಬಂದಾಗೆಲ್ಲ ರಸ್ತಿ ಕಡೀ ಮಡೀನ ತೋರ್ಸಿ ಚಾ ಕುಡ್ಸಿ ಕಳಿಸ್ತಿದ್ದೆಲ್ಲಬೇ. ಶಾಣ್ಯಾಕಿ ಅದಿ. ಈ ಸುಗ್ಗಿ ಮುಗಿಸ್ಕೋ. ಆಮ್ಯಾಲ ನಾವಾ ಮಾಡ್ಸ್ತೀವಿ."

ಆಗ ನನಗೆ ಬೋರ್ಡು ಏಕೆ ಬೇಡವಾಗಿತ್ತೆಂದು ತಿಳಿಯಿತು. ಮಧ್ಯೆ ಬಾಯಿ ಹಾಕಿದೆ; ಸಾವ್ಕಾರರು ವಿನಯದಿಂದ ನನಗೆ ಶಾಲು ಹೊದಿಸಿದರು. ಜನ ಚಪ್ಪಾಳೆ ತಟ್ಟಿದರು.

ಶಾಲು ಮಡಚಿಕೊಂಡು ಜೀಪಿನ ಕಡೆ ಹೊರಟಾಗ ನಿಂಗವ್ವ ಹತ್ತಿರ ಬಂದಳು. "ಮಣ್ಣಿಗೆ ಬಾಯಿ ಇರ್ಲಿಲ್ರಿ ಸಾಹೇಬ್ರ. ನೀವು ಕೊಟ್ರಿ."

ಮರುವರ್ಷ ಕೊನೆಯ ಮಣ್ಣಿನ ಮಾದರಿ ತೆಗೆಯಲು ಹೋದಾಗ ಆಕೆ ಅದೇ ಮಡಿಯಲ್ಲಿ ಕೂಲಿಗೆ ಸಸಿ ನೆಡುತ್ತಿದ್ದಳು. ಬಗ್ಗಿದಲ್ಲಿಂದಲೇ ಸಾಲಿನ ಹೆಂಗಸರಿಗೆ, "ಜರಗ್ರಬೇ, ಮಣ್ಣಿನ ಡಾಕ್ಟ್ರು ಬಂದಾರ. ನಮ್ಮನ್ನೇನು ಮುಟ್ಟಂಗಿಲ್ಲ, ಹೆದರಬ್ಯಾಡ್ರಿ" ಎಂದಳು. ಎಲ್ಲರೂ ನಕ್ಕರು. ನಾನು ಮಣ್ಣು ಚೀಲಕ್ಕೆ ತುಂಬಿ, ಚೀಟಿ ಕಟ್ಟಿದೆ.

ವರದಿಯನ್ನು ಮೇಲಿನವರು ಮೆಚ್ಚಿದರು. ಅದರಲ್ಲಿ ಬರೆದದ್ದೆಲ್ಲ ನಿಜ. ನೌಕರಿ ನನಗೆ ಕಲಿಸಿದ್ದು ಇಷ್ಟು: ಮಣ್ಣು ಸುಧಾರಿಸುವ ಮೊದಲು, ಸುಧಾರಿಸಿದ ಮೇಲೆ ಅದು ಯಾರ ಕೈಯಲ್ಲಿ ಉಳಿಯುತ್ತದೆ ಎಂದು ಕೇಳಬೇಕು. ಕಲಿತಾಗ ನನಗೆ ಸೇವಾವಧಿ ಮೂರು ತಿಂಗಳು ಉಳಿದಿತ್ತು, ನಿಂಗವ್ವನಿಗೆ ಕೆಮ್ಮು.