ಪರದೆ ದಾಟಿದ ಬೊಂಬುಗಳು

ಈಗ ಹೇಳಲಿರುವುದು ಹೀಗೆಯೇ ನಡೆಯಿತೆಂದು ನಾನು ಎದೆ ತಟ್ಟಿ ಹೇಳಲಾರೆ. ನಡೆದದ್ದಂತೂ ಹೌದು. ಆದರೆ ಅದರ ನಡುವಿನ ಒಂದು ಮಾತನ್ನು ಯಾರು ಆಡಿದರು ಎಂಬ ಬಗ್ಗೆ ನನಗೂ ನಮ್ಮ ದೊಡ್ಡವ್ವನಿಗೂ ಇನ್ನೂ ರಾಜಿಯಾಗಿಲ್ಲ.

ಕಳೆದ ವಾರ ಡೊಂಬಿವಲಿಯ ನನ್ನ ಬಾಲ್ಕನಿಗೆ ಮಳೆಗಾಲಕ್ಕೆಂದು ತಾಡಪತ್ರಿ ಕೊಳ್ಳಲು ಉಲ್ಹಾಸನಗರದ ಮಾರ್ಕೆಟ್ಟಿಗೆ ಹೋಗಿದ್ದೆ. ಅಂಗಡಿಯವನು ನೀಲಿ ಸುರುಳಿಯನ್ನು ಫಟ್ಟನೆ ಬಿಚ್ಚಿದ. ಆ ವಾಸನೆ ನಿಮಗೂ ಗೊತ್ತಿರಬೇಕು. ಹೊಸ ಪ್ಲಾಸ್ಟಿಕ್ಕಿನದು, ಸೀಮೆಎಣ್ಣೆಗೆ ದೂರದ ನೆಂಟ. ಬೇರೆಯವರಿಗೆ ಅದು ಮಳೆಗಾಲದ ವಾಸನೆ. ನನಗೆ ಭಾನುವಾರದ್ದು.

ನಾವು ಕಲಬುರಗಿ ಕಡೆಯ ಕ್ರೈಸ್ತರು. ಅಪ್ಪ, ದೊಡ್ಡಪ್ಪ, ದೊಡ್ಡವ್ವ ಎಲ್ಲರೂ ಠಾಣೆ ಶಹರದ ಘೋಡಬಂದರ್ ರಸ್ತೆಗೆ ಕಟ್ಟಡದ ಕೆಲಸಕ್ಕೆಂದು ಬಂದವರು. ನಮ್ಮ ಕನ್ನಡ ಸಭೆಗೆ ಚರ್ಚಿನ ಕಟ್ಟಡವಿರಲಿಲ್ಲ. ಖಾಲಿ ಪ್ಲಾಟು ಸಿಕ್ಕಲ್ಲಿ ನಾಲ್ಕು ಬೊಂಬು ನೆಟ್ಟು, ಮೇಲೆ ತಾಡಪತ್ರಿ ಎಳೆದು, ಕೆಳಗೆ ಸಿಮೆಂಟಿನ ಖಾಲಿ ಚೀಲ ಹಾಸಿದರೆ ಅದೇ ದೇವಾಲಯ. ಆ ಪ್ಲಾಟಿನಲ್ಲಿ ಕಟ್ಟಡ ಏಳತೊಡಗಿದರೆ ನಾವೂ ಏಳಬೇಕು. ಎಷ್ಟೋ ಸಲ ಆ ಕಟ್ಟಡ ಕಟ್ಟುವವರೂ ನಾವೇ. ವಾರವೆಲ್ಲ ದುಡಿದು ನಮ್ಮ ಭಾನುವಾರವನ್ನು ನಾವೇ ಎಬ್ಬಿಸುತ್ತಿದ್ದೆವು.

ಹಾಗಾಗಿ ನಮ್ಮ ಪಾಸ್ಟರರ ಪ್ರಸಂಗ ಎಲ್ಲಿಂದ ಹೊರಟರೂ ಇಸ್ರಾಯೇಲರ ಗುಡಾರಕ್ಕೇ ಬಂದು ಸೇರುತ್ತಿತ್ತು. ಈಜಿಪ್ಟಿನಿಂದ ಹೊರಟ ಆ ಜನ ಮರುಭೂಮಿಯಲ್ಲಿ ದೇವರಿಗೆ ಡೇರೆ ಹಾಕಿದರು, ಬಿಚ್ಚಿದರು, ಹೊತ್ತರು, ಮತ್ತೆ ಹಾಕಿದರು. ಡೇರೆಯ ಒಳಕೋಣೆಯಲ್ಲಿ, ಪರದೆಯ ಹಿಂದೆ, ಮಂಜೂಷವೆಂಬ ಪವಿತ್ರ ಪೆಟ್ಟಿಗೆ; ಅದರ ಬಳೆಗಳಲ್ಲಿ ಹೊರುವ ಕೋಲುಗಳು. ಎಷ್ಟೋ ಕಾಲದ ಮೇಲೆ ದಾವೀದ ರಾಜನಿಗೆ, ತಾನು ಅರಮನೆಯಲ್ಲಿದ್ದು ದೇವರು ಡೇರೆಯಲ್ಲಿರುವುದೇ ಎಂದು ನಾಚಿಕೆಯಾಯಿತು. ನಾನು ಯಾವಾಗ ಮನೆ ಕೇಳಿದೆ ಎಂದನಂತೆ ದೇವರು. ಕೊನೆಗೆ ದಾವೀದನ ಮಗ ಸೊಲೊಮೋನ ಯೆರೂಸಲೇಮಿನಲ್ಲಿ ಕಲ್ಲು, ದೇವದಾರುಗಳ ಆಲಯ ಕಟ್ಟಿದ.

"ನಮಗೂ ಒಬ್ಬ ಸೊಲೊಮೋನ ಬರ್ತಾನ" ಎಂದು ಪಾಸ್ಟರ್ ಮುಗಿಸುವಾಗ ದೊಡ್ಡವ್ವ ಪಕ್ಕದವರಿಗೆ ಮಾತ್ರ ಕೇಳುವಂತೆ, "ಬರ್ತಾನ, ಬರ್ತಾನ. ಟ್ರಾಫಿಕ್‌ನ್ಯಾಗ ಸಿಕ್ಕೊಂಡಾನ" ಎನ್ನುತ್ತಿದ್ದಳು.

ನಾನು ಯೂನಿವರ್ಸಿಟಿಯಲ್ಲಿ ಇತಿಹಾಸ ಓದಿದೆ. ಅದರ ಮೊದಲ ಲಾಭವೆಂದರೆ ಭಾನುವಾರ ತಡವಾಗಿ ಏಳಲು ಒಂದು ತಾತ್ವಿಕ ಕಾರಣ ಸಿಕ್ಕಿತು. ಬಂಗಾರ, ನೇರಳೆ ನೂಲು ಎಂದೆಲ್ಲ ಅಷ್ಟು ವೈಭವದ ಗುಡಾರ ಮರುಭೂಮಿಯಲ್ಲಿ ಇದ್ದಿರಲಾರದು, ಮುಂದೆ ಆಲಯದ ಕಾಲದ ಪುರೋಹಿತರು ತಮ್ಮ ಆಲಯವನ್ನೇ ನೋಡಿಕೊಂಡು ಹಿಂದಿನ ಗುಡಾರವನ್ನು ಕಲ್ಪಿಸಿಕೊಂಡರು ಎಂದು ಕೆಲವು ವಿದ್ವಾಂಸರ ವಾದ. ಇದನ್ನು ದೊಡ್ಡವ್ವನಿಗೆ ವಿವರಿಸಿದೆ.

"ಹೌದೇನು? ಪಾಪ, ಗುಡಾರ ಸೋರೂದು ಮರ್ತಿರಬೇಕು ಅವರು" ಎಂದು ರೊಟ್ಟಿ ಬಡಿಯುವುದನ್ನು ಮುಂದುವರಿಸಿದಳು.

ಅಂತೂ ಸೊಲೊಮೋನ ಬಂದ. ಒಬ್ಬನಾಗಿ ಅಲ್ಲ, ದುಡ್ಡು ಕೂಡಿಸಿದ ಸಭೆಯವರೆಲ್ಲರ ರೂಪದಲ್ಲಿ ಬಂದ ಅನ್ನಬೇಕು. ಒಂದು ಹೌಸಿಂಗ್ ಸೊಸೈಟಿಯ ನೆಲಮಹಡಿಯಲ್ಲಿ, ಝೆರಾಕ್ಸ್ ಅಂಗಡಿಗೂ ಹಿಟ್ಟಿನ ಗಿರಣಿಗೂ ನಡುವೆ, ಒಂದು ಇಕ್ಕಟ್ಟಾದ ಕೋಣೆ ನಮ್ಮದಾಯಿತು. ಮೊದಲ ಆರಾಧನೆಯ ಹಿಂದಿನ ದಿನ ಸಾಮಾನು ಸಾಗಿಸಿದೆವು. ಬೊಂಬುಗಳಲ್ಲಿ ಎರಡಕ್ಕೆ ಹುಳ ಹಿಡಿದಿತ್ತು. ಉಳಿದೆರಡನ್ನು ವೇದಿಕೆಯ ಹಿಂದಿನ ಪರದೆಯೊಳಗೆ ಇಡಬೇಕೆಂದು ದೊಡ್ಡವ್ವನ ಹಟ. ಅಡ್ಡಕ್ಕೆ ಹಿಡಿಯಲಿಲ್ಲ. ಉದ್ದಕ್ಕೆ ಮಲಗಿಸಿದರೆ ಪರದೆಯ ಕೆಳಗಿಂದ ಎರಡೂ ಮೂತಿ ಚಾಚಿದವು.

ಬಡಗಿ ಸೈಮನ್ ಕಾಕಾ ಗರಗಸ ತಂದ. "ಯಕ್ಕಾ, ಎರಡೆರಡು ಫೂಟ್ ಕೊಯ್ತೀನಿ. ಮಂದಿ ಎಡವತಾರ."

"ಎಡವಲಿ. ನೆಲ ನೋಡಿ ನಡೀಲಿ."

"ಹೊಸಾ ಟೈಲ್ಸ್ ಹಾಕಸೇವಿ. ಗುಜರಿ ಅಂಗಡಿ ಕಂಡಂಗ ಕಾಣ್ತದ."

ದೊಡ್ಡವ್ವ ಬೊಂಬಿನ ಮೇಲೆಯೇ ಕುಳಿತುಬಿಟ್ಟಳು. "ಇಷ್ಟು ವರ್ಷ ದೇವರು ನಮ್ಮ ಸಂಗಡ ನಡದಾನ. ಮನಿ ಸಿಕ್ಕ ದಿನಾನೇ ಅವನ ಕಾಲು ಕೊಯ್ತೀಯೇನೋ?"

ಪ್ಲಾಟಿನಿಂದ ಪ್ಲಾಟಿಗೆ ಆ ಬೊಂಬುಗಳ ಮುಂದಿನ ತುದಿ ದೊಡ್ಡಪ್ಪನ ಹೆಗಲಿಗೆ, ಹಿಂದಿನದು ಅವಳ ಹೆಗಲಿಗೆ. ಅವನು ತೀರಿಕೊಂಡ ಮೇಲೂ ಅವಳು ತನ್ನ ತುದಿಯನ್ನು ಇನ್ನೊಬ್ಬರಿಗೆ ಬಿಟ್ಟುಕೊಟ್ಟಿರಲಿಲ್ಲ.

ಆಗ ಆ ಮಾತು ಬಂತು. "ಸೊಲೊಮೋನನ ಆಲಯದಾಗೂ ಹೊರೂ ಕೋಲು ತಗದಿರಲಿಲ್ಲ. ಉದ್ದ ಇದ್ವು, ತುದಿ ಕಾಣ್ತಿದ್ವು."

ಪಾಸ್ಟರ್ ಗೋಣು ಹಾಕಿದರು. ತಿಳಿದೋ, ಸೌಜನ್ಯಕ್ಕೋ ಹೇಳಲಾರೆ. ಸೈಮನ್ ಕಾಕಾ ಗರಗಸ ಕೆಳಗಿಟ್ಟ. "ಸೊಲೊಮೋನಗೇ ಜಾಗಾ ಸಾಲಲಿಲ್ಲಂದ್ರ ನಮ್ಮದೇನು ಬಿಡು." ಕೋಣೆ ತುಂಬ ನಗು. ಗಿರಣಿಯವನು ಹಿಟ್ಟು ಮೆತ್ತಿದ ಮುಖದಲ್ಲೇ ಇಣುಕಿ ನೋಡಿ ಹೋದ. ಯಾರೂ ಎಡವದಂತೆ ಬೊಂಬಿನ ತುದಿಗಳಿಗೆ ಚೆಂಡುಹೂವಿನ ಗೊಂಚಲು ಕಟ್ಟಿದರು. ಮರುದಿನ ಆ ಹೂವುಗಳೆದುರು ದೊಡ್ಡವ್ವ ತಾಳ ತಪ್ಪಿಸಿ, ಎಲ್ಲರಿಗಿಂತ ಜೋರಾಗಿ ಹಾಡಿದಳು.

ಆ ಮಾತನ್ನು ಆಡಿದ್ದು ಅವಳೆಂದು ನನ್ನ ನೆನಪು. ನಾನೆಂದು ಅವಳದು. "ನೀನ ಅಂದಿ. ಅಷ್ಟು ಓದಿದ್ದು ಅವತ್ತೊಂದು ದಿನ ಕೆಲಸಕ್ಕ ಬಂತು." ನಾನೇ ಅಂದಿದ್ದರೆ, ಎಲ್ಲೋ ಓದಿದ್ದು ಬಾಯಿಗೆ ಬಂತೇ, ಅಥವಾ ಅವಳ ಮುಖ ನೋಡಲಾರದೆ ಅಲ್ಲೇ ಹೆಣೆದುಬಿಟ್ಟೆನೇ? ನನ್ನ ನೆನಪನ್ನು ನಾನು ಅಷ್ಟಾಗಿ ನಂಬುವುದಿಲ್ಲ. ಈಗ ಫ್ಯಾನಿನ ಕೆಳಗೆ ಕೂತು ಸಭೆಯವರು, ನಮ್ಮ ಗುಡಾರದಲ್ಲಿ ಎಂಥ ಗಾಳಿ ಬೀಸುತ್ತಿತ್ತು ಎಂದರೆ, ಅಲ್ಲಿ ಸೋರಿ ನಿಂತ ನೀರನ್ನು ಮಗ್ಗಿನಿಂದ ಎತ್ತಿಹಾಕಿದ ನಾನೂ ಹೌದೆನ್ನುತ್ತೇನೆ. ಹಿಂದಿನ ಗುಡಾರವನ್ನು ಜನ ಕಲ್ಪಿಸಿಕೊಳ್ಳುತ್ತಾರೆಂದು ವಿದ್ವಾಂಸರು ಹೇಳಿದ್ದು ನಿಜವಿರಬಹುದು. ಆದರೆ ಇಷ್ಟು ಸಂತೋಷದಿಂದ ನಿಜವಾಗಬಹುದೆಂದು ಅವರು ಹೇಳಿರಲಿಲ್ಲ.

ಮೊನ್ನೆ ಭಾನುವಾರ ಬೇಗನೆ ಎದ್ದು, ಹೊಸ ತಾಡಪತ್ರಿಯ ಸಮೇತ ಠಾಣೆಗೆ ಹೋದೆ. ಬಾಲ್ಕನಿ ಸೋರಿದರೆ ಸೋರಲಿ. ದೊಡ್ಡವ್ವ ಮೂಸಿ ನೋಡಿ, "ಹಳೇದರ ವಾಸನೀನ ಐತಿ" ಎಂದು ಅದನ್ನು ಮಡಚಿ ಬೊಂಬುಗಳ ನಡುವೆ ಇಟ್ಟಳು. ಬೀದಿಯಲ್ಲಿ ನಿಂತರೆ ಝೆರಾಕ್ಸ್ ಅಂಗಡಿಯೆದುರು ನಿಂತವರ ಸಾಲು ಮಾತ್ರ ಕಾಣುತ್ತದೆ. ಒಳಗೆ ಬಂದು ಕೂತವರಿಗಷ್ಟೇ ಆ ಎರಡು ಮೂತಿಗಳು.

ವಾಪಸು ಬರುವಾಗ ಲೋಕಲ್ ರೈಲಿನಲ್ಲಿ ಫೋನು ತೆಗೆದು, ಇಷ್ಟು ವರ್ಷ ಮಾಡದ ಕೆಲಸ ಮಾಡಿದೆ. ಸೊಲೊಮೋನನ ಆಲಯಕ್ಕೆ ಮಂಜೂಷವನ್ನು ತಂದ ದಿನದ ಕಥೆಯನ್ನು ಹುಡುಕಿ ಓದಿದೆ. ಮಾತು ಯಾರದೇ ಇರಲಿ, ಸುಳ್ಳಲ್ಲ: ಕೋಲುಗಳು ಉದ್ದವಾಗಿದ್ದವು, ಒಳಕೋಣೆಯ ಎದುರಿಗೆ ನಿಂತವರಿಗೆ ಅವುಗಳ ತುದಿ ಕಾಣುತ್ತಿತ್ತು, ಹೊರಗಿನವರಿಗೆ ಕಾಣುತ್ತಿರಲಿಲ್ಲ.