ಹಾಲೇಶಪ್ಪನವರ ನೀರಿನ ಲೋಟ

ಹೊನ್ನಾಳಿಯ ಹೊಳೆದಂಡೆಯಲ್ಲಿ ಹೊಸ ಸೇತುವೆಗೆ ಕಂಬ ಇಳಿಸುವ ಯಂತ್ರ ಗುದ್ದತೊಡಗಿದ ದಿನವೇ ಹಾಲೇಶಪ್ಪನವರು ಜಗುಲಿಯ ಮೇಲೊಂದು ನೀರಿನ ಲೋಟ ಇಟ್ಟುಕೊಂಡು ಕೂತುಬಿಟ್ಟರು. ಆ ನೀರು ಅಲುಗುತ್ತಿರುವಷ್ಟು ಹೊತ್ತು, ಚಹಾ ಆರಿಹೋದರೂ ಮುಟ್ಟುತ್ತಿರಲಿಲ್ಲ. ದಾರಿಯಲ್ಲಿ ಹೋಗುವವರನ್ನೆಲ್ಲ ಕರೆದು, "ದಂಡೆ ಮಣ್ಣು ಗಡಿಗೆ ಮೊಸರಿದ್ದಂಗೆ ಕಣ್ರೀ, ಒಂದ್ ಕಡೆ ತಟ್ಟಿದ್ರೆ ಪೂರಾ ಅದುರ್ತೈತೆ" ಎನ್ನುವರು. ಹೆಂಡತಿಯ ಕೆಮ್ಮಿಗೂ, ಹಾಲು ಒಡೆದದ್ದಕ್ಕೂ, ಬೆಕ್ಕು ಮನೆ ಬಿಟ್ಟದ್ದಕ್ಕೂ ಆ ಗುದ್ದೇ ಕಾರಣ. ದೂರ ಹೋದಂತೆಲ್ಲ ಮಣ್ಣೇ ನಡುಕವನ್ನು ನುಂಗಿಕೊಳ್ಳುತ್ತದೆ ಎಂದು ಇಂಜಿನಿಯರ್ ತಿಳಿಹೇಳಿದರೆ, "ಅದನ್ನ ನಮ್ ಲೋಟ ಹೇಳ್ಬೇಕು" ಎಂದುಬಿಡುವರು. ಪಕ್ಕದ ಮಜೀದಾ ಅವರ ಮಣ್ಣಿನ ಗೋಡೆಯಲ್ಲಿ ಬಿರುಕು ಕಂಡ ದಿನ ಮಾತ್ರ ಯಾರಿಗೂ ಏನೂ ಹೇಳದೆ, ಅವರ ಮೊಮ್ಮಗಳ ತೊಟ್ಟಿಲನ್ನು ತಂದು ತಮ್ಮ ಕಲ್ಲುಗೋಡೆಯ ಪಡಸಾಲೆಯಲ್ಲಿ ಕಟ್ಟಿದರು. ನಿನ್ನೆ ಕೊನೆಯ ಕಂಬವೂ ಇಳಿದು ಯಂತ್ರ ಲಾರಿ ಹತ್ತಿತು. ಬಿರುಕು ಬೆಳೆದಿರಲಿಲ್ಲ, ಲೋಟದ ನೀರು ಕನ್ನಡಿಯಂತಿತ್ತು. "ಅಲ್ಲಾ ಕಾಪಾಡಿದ. ಇನ್ನ ಕೂಸನ್ನ ಕರ್ಕೊಂಡು ಹೋಗ್ತೀನಿ ಅಣ್ಣಾ" ಎಂದು ಮಜೀದಾ ನಗುತ್ತಾ ಬಂದರು. "ತಡಿಯಮ್ಮಾ, ನೆಲ ಇನ್ನೂ ಅದುರ್ತೈತೆ ನೋಡು" ಎಂದರು ಹಾಲೇಶಪ್ಪನವರು, ಲೋಟದ ಪಕ್ಕದಲ್ಲಿ ಮೆಲ್ಲಗೆ ಹಿಮ್ಮಡಿ ಕುಟ್ಟುತ್ತಾ.